ಬಣ್ಣ ಮಿಂಚತದ ಖರೇ, ತಳ ಹ್ಯಾಂಗದ? ಮಾರಾಟಕ್ಕಿರುವ ಹಳೇ ಮಸ್ಟ್ಯಾಂಗ್ ನೋಡುವ ಬಗೆ

‘1966 ಮಸ್ಟ್ಯಾಂಗ್, ವಿ8, ಫುಲ್ ರಿಸ್ಟೋರ್ಡ್, ಪೇಪರ್ ಕ್ಲಿಯರ್’ ಅಂತ ಹೈದರಾಬಾದಿನಿಂದಲೋ ಪುಣೆಯಿಂದಲೋ ವಾಟ್ಸಾಪಿಗೆ ಆರು ಫೋಟೊ ಬರುತ್ತವೆ. (ಮಸ್ಟ್ಯಾಂಗ್ ಅಂದರೆ ಅಮೆರಿಕದ ಫೋರ್ಡ್ ಕಂಪನಿಯ ಕಾರು, ವಿ8 ಅಂದರೆ ಎಂಟು ಸಿಲಿಂಡರಿನ ಇಂಜಿನ್.) ನಾಲ್ಕರಲ್ಲಿ ಗ್ರಿಲ್ಲಿನ ಕುದುರೆ, ಒಂದರಲ್ಲಿ ಸೀಟು, ಒಂದರಲ್ಲಿ ಬಾನೆಟ್ ಎತ್ತಿದ ಇಂಜಿನ್. ತಳದ ಫೋಟೊ ಒಂದೂ ಇರುವುದಿಲ್ಲ. ಕೇಳಿದರೆ ‘ತಳ ಏನ್ ನೋಡ್ತೀರಿ ಸಾಹೇಬ್ರ, ಪೇಂಟ್ ನೋಡ್ರಿ’ ಅನ್ನುತ್ತಾರೆ. ಈ ಬರಹ ಹೆಚ್ಚಾಗಿ ಆ ತಳದ ಬಗ್ಗೆಯೇ.

‘ರಿಸ್ಟೋರ್ಡ್’ ಅನ್ನುವ ಮಾತು ಮಾರುವವರ ಬಾಯಲ್ಲಿ ಬಹಳ ಹಿಗ್ಗುತ್ತದೆ. ಗಾಡಿಯನ್ನು ಬರೀ ತಗಡಿನ ತನಕ ಬಿಚ್ಚಿ, ಜಂಗು ತಿಂದ ಭಾಗ ಕತ್ತರಿಸಿ, ಹೊಸ ತಗಡು ಬೆಸೆದು ಮತ್ತೆ ಕೂಡಿಸಿದ್ದೂ ರಿಸ್ಟೋರ್ಡ್. ಇಂಜಿನ್ ಓವರ್‌ಹಾಲ್ ಮಾಡಿಸಿ ಮೇಲೊಂದು ಬಣ್ಣ ಹೊಡೆಸಿದ್ದೂ ರಿಸ್ಟೋರ್ಡ್. ತೂತಿಗೆ ಪುಟ್ಟಿ ತುಂಬಿ, ಬಂಪರಿಗೆ ಪಾಲಿಶ್ ಹಾಕಿಸಿ, ಹೊಸ ಸೀಟ್ ಕವರ್ ಹಚ್ಚಿದ್ದೂ ರಿಸ್ಟೋರ್ಡೇ. ಬೆಲೆ ಮಾತ್ರ ಮೂರಕ್ಕೂ ಮೊದಲನೆಯದರದ್ದು.

ಕಲಬುರಗಿ, ಬೀದರ, ಯಾದಗಿರಿ ಕಡೆ ಇಂಥ ಗಾಡಿ ತಂದಿಟ್ಟುಕೊಳ್ಳುವವರು ಒಂದು ಲೆಕ್ಕ ಸರಿಯಾಗಿ ತಿಳಿದಿರಬೇಕು. ಇಂಜಿನ್ ಕೆಟ್ಟಿದ್ದರೆ ಇಲ್ಲೇ ರಿಪೇರಿ ಆಗುತ್ತದೆ. ಆ 289 ಕ್ಯೂಬಿಕ್ ಇಂಚಿನ ವಿ8 ಹಳೇ ಕಾಲದ ಪುಶ್‌ರಾಡ್ ಇಂಜಿನ್ನು: ಒಂದು ಕಾರ್ಬುರೇಟರ್, ಒಂದು ಡೆಲ್ಕೊ (ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್), ಬೀಡಿನ ಬ್ಲಾಕು. ಅಂಬಾಸಿಡರ್, ಜೀಪು ಬಿಚ್ಚಿ ಜೋಡಿಸಿದ ಮಿಸ್ತ್ರಿಗೆ ಅದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಬೋರ್ ಮಾಡುವುದು, ಕ್ರ್ಯಾಂಕ್ ಉಜ್ಜಿಸುವುದು, ವಾಲ್ವ್ ಸೀಟ್ ಹಾಕುವುದು ಒಳ್ಳೆಯ ಲೇತಿನವರ ಕೈಯಲ್ಲಿ ಆಗುವ ಕೆಲಸ. ಬಾಡಿಯ ಮಾತು ಬೇರೆ. ಜೀಪಿಗೆ ಇರುವಂತೆ ಇದಕ್ಕೆ ಕೆಳಗೆ ಪ್ರತ್ಯೇಕ ಚಾಸಿಸ್ ಇಲ್ಲ. ತಗಡಿನ ಡಬ್ಬಿಯೇ ಚಾಸಿಸ್. ಆ ಡಬ್ಬಿಯ ಒಳಮೂಲೆಗಳು ಕೊಳೆತಿದ್ದರೆ ಜಿಗ್ (ಬಾಡಿಯನ್ನು ಅಲುಗದಂತೆ ಹಿಡಿಯುವ ಚೌಕಟ್ಟು) ಮೇಲೆ ಕೂರಿಸಿ, ಅಳತೆ ಹಿಡಿದು ಬೆಸೆಯಬೇಕು, ತಗಡು ಅಮೆರಿಕದಿಂದ ತರಿಸಬೇಕು. ಅದಕ್ಕೇ ನೋಡುವ ಕ್ರಮ ತಿರುವುಮುರುವಾಗಬೇಕು: ಮೊದಲು ಬಾಡಿ, ಆಮೇಲೆ ಕಾಗದ, ಕೊನೆಗೆ ಇಂಜಿನ್. ಹೆಚ್ಚಿನವರು ಇಂಜಿನ್ ಶಬ್ದ ಕೇಳಿಯೇ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ.

ಒಂದು ಮಾತು ನಡುವೆ. ಮಸ್ಟ್ಯಾಂಗನ್ನು ‘ಮಸಲ್ ಕಾರ್’ ಅಂದರೆ ಅಮೆರಿಕದ ಹಳಬರು ತಕರಾರು ತೆಗೆಯುತ್ತಾರೆ. ಅವರ ಲೆಕ್ಕದಲ್ಲಿ ಮಸಲ್ ಕಾರ್ ಅಂದರೆ ಮಧ್ಯಮ ಗಾತ್ರದ ಗಾಡಿಗೆ ದೊಡ್ಡ ಗಾಡಿಯ ಇಂಜಿನ್ ತುರುಕಿದ್ದು. 1964ರಲ್ಲಿ ಪಾಂಟಿಯಾಕ್‌ನವರು 389 ಕ್ಯೂಬಿಕ್ ಇಂಚಿನ ಇಂಜಿನ್ ಕೂರಿಸಿ ತಂದ ಜಿಟಿಒ, 1968ರ ಪ್ಲಿಮತ್ ರೋಡ್‌ರನ್ನರ್ ಇಂಥವು. 1964ರ ಏಪ್ರಿಲ್ 17ರಂದು ಬಂದ ಮಸ್ಟ್ಯಾಂಗ್ ಸಣ್ಣದು, ಅದಕ್ಕೆ ‘ಪೋನಿ ಕಾರ್’ ಅಂತಲೇ ಹೆಸರು ಬಿತ್ತು. ಆದರೆ ಬಿಡಿಭಾಗ ಹೊಸದಾಗಿ ಸಿಗುವ ವಿಷಯದಲ್ಲಿ ಮಸ್ಟ್ಯಾಂಗಿನಷ್ಟು ಅನುಕೂಲ ಮಿಕ್ಕವಕ್ಕಿಲ್ಲ. ಇಲ್ಲಿ ಹೇಳುವುದು 1965 ಮತ್ತು 66ರ ಮಾದರಿಗೆ ಹೊಂದುವಂಥದು.

ಹೋಗುವಾಗ ಜೊತೆಗೆ ಒಯ್ಯಬೇಕಾದ್ದು: ಒಂದು ಟಾರ್ಚು, ಫ್ರಿಜ್‌ಗೆ ಅಂಟಿಸುವಂಥ ಮೆತ್ತನೆ ಮ್ಯಾಗ್ನೆಟ್, ಎರಡು ಲೀಟರ್ ನೀರಿನ ಬಾಟ್ಲಿ, ಕಂಪ್ರೆಷನ್ ಗೇಜ್, ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಗನ್, ಹಳೇ ಚಾದರ. ಪಾನಾ ಸೆಟ್ ಇಂಚಿನದ್ದಿರಲಿ. ನಮ್ಮ 19ರ ಪಾನಾ ಮುಕ್ಕಾಲು ಇಂಚಿನ ನಟ್ಟಿಗೆ ಹಿಡಿಯುತ್ತದೆ, ವೀಲ್ ನಟ್ಟು ಅದೇ ಅಳತೆಯದು. ಅರ್ಧ ಇಂಚಿಗೆ 13ರದ್ದು ಹಾಕಿದರೆ ಸಡಿಲು. ನಟ್ಟಿನ ಮೂಲೆ ಉರುಟಾಗಿದ್ದರೆ ಈ ಗಾಡಿಗೆ ಮಿಲಿಮೀಟರ್ ಪಾನಾ ಹಚ್ಚಿದವರು ಕೆಲಸ ಮಾಡಿದ್ದಾರೆ ಅಂತಲೇ ತಿಳಿಯಿರಿ.

ಮೊದಲು ನಂಬರ್. ಸ್ಟೀರಿಂಗ್ ಬದಿ, ಅಂದರೆ ಎಡಗಡೆ, ಮುಂದಿನ ಫೆಂಡರಿನ ಒಳಗಿನ ತಗಡಿನ ಮೇಲಂಚಿನಲ್ಲಿ ಗುದ್ದಿದ ಸಂಖ್ಯೆ ಇರುತ್ತದೆ. ಉದಾಹರಣೆಗೆ 6ಎಫ್07ಸಿ, ಆಮೇಲೆ ಆರು ಅಂಕಿ. ಮೊದಲ 6 ಅಂದರೆ 1966ರ ಮಾದರಿ. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ. ಆರ್ ಇದ್ದರೆ ಸ್ಯಾನ್ ಹೋಸೆ, ಟಿ ಇದ್ದರೆ ಮೆಟಚನ್. 07 ಗಟ್ಟಿ ಛಾವಣಿಯ ಹಾರ್ಡ್‌ಟಾಪ್, 08 ಮೇಲ್ಛಾವಣಿ ಮಡಚುವ ಕನ್ವರ್ಟಿಬಲ್, 09 ಛಾವಣಿ ಹಿಂದಕ್ಕೆ ಇಳಿಜಾರಾದ ಫಾಸ್ಟ್‌ಬ್ಯಾಕ್. ಐದನೆಯ ಅಕ್ಷರ ಇಂಜಿನ್ನಿನದು, ಎಲ್ಲಕ್ಕಿಂತ ಮುಖ್ಯ. ಸಿ ಅಂದರೆ ಎರಡು ಬ್ಯಾರಲ್ (ಗಾಳಿ ಹೋಗುವ ಕೊಳವೆ) ಕಾರ್ಬುರೇಟರಿನ 289, 200 ಅಶ್ವಶಕ್ತಿ. ಎ ಅಂದರೆ ನಾಲ್ಕು ಬ್ಯಾರಲ್, 225. ಕೆ ಅಂದರೆ 271ರ ಹೈ ಪರ್ಫಾರ್ಮೆನ್ಸ್. ಟಿ ಬಂದರೆ 200 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್. ಟಿ ಅಕ್ಷರದ ಗಾಡಿಯಲ್ಲಿ ಇವತ್ತು ವಿ8 ಕೂತಿದ್ದರೆ ಅದು ಆಮೇಲೆ ಹಾಕಿದ್ದು. ಈ ಅಶ್ವಶಕ್ತಿಯ ಅಂಕಿಗಳನ್ನೂ ಬಹಳ ನಂಬಬೇಡಿ. ಆ ಕಾಲದಲ್ಲಿ ಏರ್ ಫಿಲ್ಟರ್, ಸೈಲೆನ್ಸರ್ ಇಲ್ಲದೆ ಬೆಂಚಿನ ಮೇಲೆ ಓಡಿಸಿ ಅಳೆಯುತ್ತಿದ್ದರು. ಗಾಡಿಯಲ್ಲಿ ಸಿಗುವುದು ಅದಕ್ಕಿಂತ ಬಹಳ ಕಡಿಮೆ.

ಬಾಗಿಲಿಗೆ ರಿವೆಟ್ ಹೊಡೆದ ಪ್ಲೇಟಿನಲ್ಲೂ ಇದೇ ನಂಬರು, ಬಣ್ಣದ ಕೋಡು, ಗೇರ್ ಬಾಕ್ಸಿನ ಕೋಡು ಎಲ್ಲ ಇರುತ್ತದೆ. ನೋಡಲು ಚೆಂದ, ಸಾಕ್ಷಿಯಾಗಿ ಏನೂ ಅಲ್ಲ: ಹೇಳಿದ ನಂಬರ್ ಗುದ್ದಿಸಿದ ಹೊಸ ಪ್ಲೇಟು ಆರ್ಡರ್ ಕೊಟ್ಟರೆ ಮನೆಗೆ ಬರುತ್ತದೆ. ಗುದ್ದಿದ ಜಾಗದ ಸುತ್ತ ವೆಲ್ಡಿಂಗ್ ಗೆರೆ ಇದೆಯೇ, ತಗಡು ಸುತ್ತಲಿಗಿಂತ ನಯವಾಗಿದೆಯೇ ಅಂತ ಬೆರಳಾಡಿಸಿ ನೋಡ್ರಿ.

‘ಮ್ಯಾಚಿಂಗ್ ನಂಬರ್ ಗಾಡಿ’, ಅಂದರೆ ಇಂಜಿನ್ನಿನ ನಂಬರೂ ಗಾಡಿಯ ನಂಬರೂ ಒಂದೇ, ಅಂತ ಮಾರುವವ ಹೇಳಿದರೆ ನಕ್ಕು ಸುಮ್ಮನಿರಿ. 1968ಕ್ಕಿಂತ ಮೊದಲು ಫೋರ್ಡ್‌ನವರು ಕೆ ಕೋಡಿನ ಇಂಜಿನ್ ಬಿಟ್ಟರೆ ಉಳಿದ ಮಸ್ಟ್ಯಾಂಗ್ ಇಂಜಿನ್ನುಗಳ ಮೇಲೆ ಗಾಡಿಯ ನಂಬರ್ ಗುದ್ದುತ್ತಲೇ ಇರಲಿಲ್ಲ. 66ರ ಸಿ ಕೋಡಿನಲ್ಲಿ ಮ್ಯಾಚ್ ಮಾಡಲು ನಂಬರೇ ಇಲ್ಲ. ನೋಡಬಹುದಾದ್ದು ಎರಕದ ತಾರೀಖು ಮಾತ್ರ. ಸೆಲ್ಫ್ ಮೋಟಾರಿನ ಹತ್ತಿರ ಬ್ಲಾಕಿನ ಮೇಲೆ ಉಬ್ಬಿದ ಅಕ್ಷರ ಇರುತ್ತವೆ. 5ಸಿ12 ಅಂದರೆ 1965ರ ಮಾರ್ಚ್ 12. ಆ ತಾರೀಖು ಗಾಡಿ ತಯಾರಾದ ದಿನಕ್ಕಿಂತ ಸ್ವಲ್ಪ ಹಿಂದಿನದಿದ್ದರೆ ಸರಿ, ಮುಂದಿನದಿದ್ದರೆ ಬ್ಲಾಕು ಬೇರೆ. 302ರ ಬ್ಲಾಕು ಹೊರಗಿನಿಂದ 289ರ ಹಾಗೆಯೇ ಕಾಣುತ್ತದೆ; ಬೋರ್ (ಸಿಲಿಂಡರಿನ ಅಗಲ) ಎರಡರದೂ 4 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಮಾತ್ರ 2.87ರ ಬದಲು 3.

ಆರು ಸಿಲಿಂಡರಿನ ಗಾಡಿಗೆ ವಿ8 ಹಾಕಿದ್ದನ್ನು ಕಾಗದ ನೋಡದೆಯೇ ಹಿಡಿಯಬಹುದು. ವೀಲ್ ಕ್ಯಾಪ್ ತೆಗೆದು ನಟ್ಟು ಎಣಿಸಿ. ನಾಲ್ಕಿದ್ದರೆ ಆರು ಸಿಲಿಂಡರಿನದು, ಐದಿದ್ದರೆ ವಿ8ನದು. ಹಿಂದೆ ಮಲಗಿ ಕ್ರೌನ್ ಹೌಸಿಂಗ್ (ಹಿಂದಿನ ಆಕ್ಸೆಲ್ ನಡುವಿನ ಗೇರಿನ ಡಬ್ಬಿ) ನೋಡಿ: ಹಿಂಬದಿಗೆ ಬಿಚ್ಚುವ ಮುಚ್ಚಳ ಇದ್ದರೆ ಆರು ಸಿಲಿಂಡರಿನ ಸಣ್ಣ ಕ್ರೌನು, ಹಿಂಬದಿ ನುಣ್ಣಗಿದ್ದು ಮುಂದಿನಿಂದ ಬಿಚ್ಚುವಂತಿದ್ದರೆ 8 ಇಂಚಿನದು. ಸಣ್ಣ ಕ್ರೌನಿಗೆ ವಿ8ನ ಎಳೆತ ತಾಳುವುದಿಲ್ಲ, ಸಣ್ಣ ಬ್ರೇಕಿಗೆ ಅದರ ತೂಕ ತಡೆಯುವುದಿಲ್ಲ. ಇಂಜಿನ್ ಬದಲಿಸಿದ್ದೇ ತಪ್ಪಲ್ಲ. ಇಂಜಿನ್ ಬದಲಿಸಿ ಮಿಕ್ಕದ್ದನ್ನು ಹಾಗೇ ಬಿಟ್ಟದ್ದು ಅಪಾಯ.

ಇನ್ನು ತಗಡು. ಮ್ಯಾಗ್ನೆಟ್ಟನ್ನು ತೆಳು ಅರಿವೆಯಲ್ಲಿ ಸುತ್ತಿ ಹಿಂದಿನ ಚಕ್ರದ ಹಿಂಭಾಗದ ಕೆಳ ಅಂಚು, ಮುಂದಿನ ಫೆಂಡರಿನ ಕೆಳಮೂಲೆ, ಬಾಗಿಲಿನ ಕೆಳ ಅಂಚು ಈ ಮೂರು ಕಡೆ ಹಿಡಿಯಿರಿ. ಮೇಲಿನ ತಗಡಿಗೆ ಗಟ್ಟಿ ಅಂಟಿದ ಮ್ಯಾಗ್ನೆಟ್ ಕೆಳಗೆ ಬಂದಾಗ ಜಾರಿದರೆ ಅಲ್ಲಿ ಇರುವುದು ಪುಟ್ಟಿ. ಬಣ್ಣದ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು: ಒಮ್ಮೆ ಮರುಬಣ್ಣ ಆದ ತಗಡು 200ರಿಂದ 300 ಮೈಕ್ರಾನ್ ತೋರಿಸುತ್ತದೆ, 1000 ದಾಟಿತೆಂದರೆ ಒಳಗೆ ಪುಟ್ಟಿ ತುಂಬಿದೆ. ಪುಟ್ಟಿ ಗಾಳಿಯ ತೇವ ಹೀರುತ್ತದೆ, ಬಿಸಿಲಿಗೆ ತಗಡೂ ಪುಟ್ಟಿಯೂ ಒಂದೇ ಸಮ ಹಿಗ್ಗುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಎರಡು ಬೇಸಿಗೆ ನಿಲ್ಲಿಸಿದರೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು, ಮಳೆಗಾಲದಲ್ಲಿ ಅಲ್ಲಿಂದ ಬೊಕ್ಕೆ ಏಳುತ್ತದೆ.

ಆಮೇಲೆ ನೀರಿನ ಬಾಟ್ಲಿ. ಮುಂದಿನ ಗ್ಲಾಸಿನ ಬುಡದಲ್ಲಿ, ಬಾನೆಟ್ ಮುಗಿಯುವ ಕಡೆ, ಗಾಳಿ ಒಳಗೆ ಹೋಗಲು ಸೀಳು ಸೀಳಾದ ಕಿಂಡಿ ಇದೆ. ಅದರ ಕೆಳಗೆ ಮುಚ್ಚಿದ ತಗಡಿನ ಪೆಟ್ಟಿಗೆ, ಕೌಲ್ ಅನ್ನುತ್ತಾರೆ. ಪೆಟ್ಟಿಗೆಯೊಳಗೆ ಗಾಳಿ ಕೊಳವೆಗೆ ಟೋಪಿಯಂತೆ ಎತ್ತರದ ಅಂಚು, ಆ ಅಂಚಿನ ಸುತ್ತ ಎಲೆ, ಧೂಳು ಕೂತು ಕೂತು ತಗಡು ತೂತಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕಿಂಡಿಗೆ ಎರಡು ಬದಿಯಿಂದಲೂ ಒಂದೊಂದು ಲೀಟರ್ ನೀರು ನಿಧಾನ ಹೊಯ್ದು, ಒಳಗೆ ಕಾಲಿಡುವ ಕಡೆ ಮ್ಯಾಟ್ ಎತ್ತಿ ಟಾರ್ಚು ಬಿಡಿ. ಸರಿಯಿದ್ದ ಗಾಡಿಯಲ್ಲಿ ನೀರು ಫೆಂಡರಿನ ಹಿಂದಿನಿಂದ, ಮುಂಚಕ್ರದ ಹಿಂದೆ, ಕೆಳಗಿನ ಪರಶಿಯ ಮೇಲೆ ಎರಡು ಕಡೆ ಇಳಿಯುತ್ತದೆ. ಕೆಟ್ಟದ್ದರಲ್ಲಿ ಡ್ಯಾಶ್‌ಬೋರ್ಡಿನ ಅಡಿಯಿಂದ ಒಂದೊಂದೇ ಹನಿ ನಿಮ್ಮ ಬೂಟಿನ ಮೇಲೆ ಬೀಳುತ್ತದೆ. ಆ ಹನಿ ಕಂಡರೆ ಮಾತು ಅಲ್ಲಿಗೇ ನಿಲ್ಲಿಸಬಹುದು, ಇಲ್ಲವೇ ಬೆಲೆಯನ್ನು ನೆಲದಿಂದ ಶುರುಮಾಡಬಹುದು. ಈ ಪೆಟ್ಟಿಗೆ ಸರಿಮಾಡಲು ಎರಡೂ ಫೆಂಡರ್ ಬಿಚ್ಚಿ, ಸ್ಪಾಟ್ ವೆಲ್ಡುಗಳನ್ನೆಲ್ಲ ಡ್ರಿಲ್ ಹೊಡೆದು, ಮೇಲಿನ ತಗಡು ಎತ್ತಿ, ಒಳಗಿನದು ಬದಲಿಸಿ, ಮತ್ತೆ ಬೆಸೆಯಬೇಕು. ಹಾಗೆ ಮಾಡುವುದನ್ನು ಬಿಟ್ಟು ಮೇಲಿನಿಂದ ಸಿಲಿಕಾನ್ ಸುರಿದವರೇ ಹೆಚ್ಚು. ಮಾರುವವ ‘ನೀರು ಹಾಕಬ್ಯಾಡ್ರಿ’ ಅಂದರೂ ಉತ್ತರ ಸಿಕ್ಕಂತೆಯೇ.

ಚಾದರ ಹಾಸಿ ಕೆಳಗೆ ಹೋಗಿ. ಬ್ಯಾಟರಿ ಇರುವುದು ಮುಂದೆ ಬಲಗಡೆ. ಆಸಿಡ್ ಸೋರಿ ಅದರ ಕೆಳಗಿನ ತಗಡು, ಅದಕ್ಕೂ ಕೆಳಗಿನ ಮುಂದಿನ ರೇಲು (ಉದ್ದಕ್ಕೆ ಹೋಗುವ ತಗಡಿನ ತೊಲೆ) ತಿಂದಿರುತ್ತದೆ. ಸ್ಕ್ರೂಡ್ರೈವರಿನ ಹಿಡಿಕೆಯಿಂದ ರೇಲಿನುದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಮಡಿಕೆ ಬಡಿದ ಹಾಗೆ ಡಬ್ ಅನ್ನುತ್ತದೆ. ಮುಂದಿನ ರೇಲು ಬಾಗಿಲ ಕೆಳಗಿನ ಪಟ್ಟಿಗೆ ಕೂಡುವ ಮೂಲೆಯಲ್ಲಿ ಟಾರ್ಕ್ ಬಾಕ್ಸ್ ಅನ್ನುವ ಡಬ್ಬಿ ಇದೆ. ಗಾಡಿಯ ತಿರುಚುವಿಕೆಯೆಲ್ಲ ಅದರ ಮೇಲೆ. ಹೊಸದಾಗಿ ಕರೀ ಅಂಡರ್‌ಕೋಟ್ ಬಳಿದಿದ್ದರೆ ಅದೇ ಜಾಗದಲ್ಲಿ ಒಂದು ಇಂಚು ಕೆರೆದು ನೋಡಲು ಒಪ್ಪಿಗೆ ಕೇಳಿ. ಡಿಕ್ಕಿಯ ಮ್ಯಾಟ್ ಎತ್ತಿದರೆ ಕಾಣುವ ನೆಲ ನೆಲವಲ್ಲ, ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗ. 60 ಲೀಟರಿನ ಟ್ಯಾಂಕನ್ನು ಮೇಲಿನಿಂದಲೇ ಇಳಿಸಿ ಸ್ಕ್ರೂ ಹಾಕಿರುತ್ತಾರೆ. ಸುತ್ತಲಿನ ಸೀಲು ಒಣಗಿದ್ದರೆ ಡಿಕ್ಕಿಯಲ್ಲಿ ಪೆಟ್ರೋಲ್ ವಾಸನೆ.

ಬಾನೆಟ್ ಎತ್ತಿ ಇಂಜಿನ್ನಿನ ಎರಡು ಬದಿಯ ಗೋಪುರಗಳನ್ನು ನೋಡಿ. ಇದರಲ್ಲಿ ಮುಂದಿನ ಸ್ಪ್ರಿಂಗು ಚಕ್ರ ಹಿಡಿಯುವ ಮೇಲಿನ ಆರ್ಮ್ ಮೇಲೆ ಕೂತಿದೆ, ಗುಂಡಿಯ ಹೊಡೆತವೆಲ್ಲ ಈ ಗೋಪುರಕ್ಕೆ. ಮೇಲಿನ ಆರ್ಮ್ ಬೋಲ್ಟಿನ ಸುತ್ತ ಬಿರುಕು ಬಿಡುತ್ತದೆ, ಗೋಪುರಗಳು ಒಳಕ್ಕೆ ವಾಲುತ್ತವೆ, ಆಮೇಲೆ ಅಲೈನ್‌ಮೆಂಟ್ ಎಷ್ಟು ಮಾಡಿಸಿದರೂ ಕೂಡುವುದಿಲ್ಲ. ಬಾನೆಟ್ಟಿಗೂ ಫೆಂಡರಿಗೂ ನಡುವಿನ ಸಂದು ಎರಡು ಬದಿಗೆ ಬೇರೆ ಬೇರೆ ಇದ್ದರೆ ಅನುಮಾನ ಪಡಿ. ಗೋಪುರಗಳನ್ನು ಹಿಂದಿನ ತಗಡಿಗೆ ಬಿಗಿಯುವ ಪಟ್ಟಿ ಅಮೆರಿಕದ ಗಾಡಿಗಳಲ್ಲಿ ಎರಡು ಬಿಡಿ ತುಂಡು. ಕೆಟ್ಟ ರಸ್ತೆಯ ದೇಶಗಳಿಗೆ ಕಳಿಸುವ ಗಾಡಿಗೆ ಕಂಪನಿಯವರೇ ಒಂದೇ ಗಟ್ಟಿ ತುಂಡಿನದು ಹಾಕುತ್ತಿದ್ದರು, ಅದಕ್ಕೆ ಎಕ್ಸ್‌ಪೋರ್ಟ್ ಬ್ರೇಸ್ ಅಂತ ಹೆಸರು. ನಮ್ಮ ರಸ್ತೆಗೆ ಅದಿಲ್ಲದ ಗಾಡಿ ಓಡಿಸಬಾರದು. ಹಾಕಿಸುವುದು ಒಂದು ಗಂಟೆಯ ಕೆಲಸ.

ಬಾಡಿ, ಕಾಗದ ಎರಡೂ ಪಾಸಾದರೆ ಇಂಜಿನ್; ಕಾಗದದ ವಿವರ ಈ ಬರಹದ ಕೊನೆಗಿದೆ. ಬರುವ ಮೊದಲೇ ಫೋನಿನಲ್ಲಿ ಹೇಳಿಬಿಡಿ, ಗಾಡಿ ಚಾಲು ಮಾಡಬೇಡಿ ಅಂತ. ಹೋದ ಕೂಡಲೇ ಬ್ಲಾಕಿಗೆ ಕೈ ಹಚ್ಚಿ. ಬೆಚ್ಚಗಿದ್ದರೆ ತಣ್ಣಗಿನ ಸ್ಟಾರ್ಟಿನಲ್ಲಿ ಏನನ್ನೋ ಮುಚ್ಚಿಡುತ್ತಿದ್ದಾರೆ. ಚಾಲು ಆದ ಮೊದಲ ಕ್ಷಣ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲು, ಅದು ಅಗ್ಗದ ಕೆಲಸ. ಓಡುವಾಗಲೂ ನೀಲಿ ಬರುತ್ತಿದ್ದರೆ ರಿಂಗು. ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆಯೊಂದಿಗೆ ಬಂದರೆ ಹೆಡ್ ಗ್ಯಾಸ್ಕೆಟ್. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಎಂಟೂ ಸಿಲಿಂಡರಿಗೆ ತೆಗೆಯಿರಿ, ಥ್ರಾಟಲ್ ಪೂರ್ತಿ ತೆಗೆದಿಟ್ಟು. 150 ಪಿಎಸ್‌ಐ ಆಸುಪಾಸು ಇರಬೇಕು. ಅದಕ್ಕಿಂತ ಮುಖ್ಯ, ಎಲ್ಲಕ್ಕಿಂತ ಕಡಿಮೆಯದು ಎಲ್ಲಕ್ಕಿಂತ ಹೆಚ್ಚಿನದರ ಶೇ 75ಕ್ಕಿಂತ ಕೆಳಗೆ ಬರಬಾರದು. ಅಕ್ಕಪಕ್ಕದ ಎರಡು ಸಿಲಿಂಡರ್ ಕೂಡಿಯೇ ಬಿದ್ದಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಹೋಗಿದೆ. ಬಿಸಿಯಾದ ಮೇಲೆ 2000 ಆರ್‌ಪಿಎಂನಲ್ಲಿ ಆಯಿಲ್ ಪ್ರೆಷರ್ 35 ಪಿಎಸ್‌ಐಗಿಂತ ಕೆಳಗಿಳಿಯಬಾರದು.

ಕ್ರ್ಯಾಂಕಿನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನಿನ ಪರೀಕ್ಷೆ ಮಾಡುವವರು ಕಡಿಮೆ. ಆ ಕಾಲದ ಕ್ಯಾಮ್ ಗೇರಿಗೆ ಶಬ್ದ ಕಡಿಮೆಯಾಗಲಿ ಅಂತ ನೈಲಾನ್ ಹಲ್ಲು ಕೊಟ್ಟಿದ್ದರು. ಬಿಸಿಗೆ ಅವು ಪೆಡಸಾಗಿ ಒಡೆದು ಆಯಿಲ್ ಚೇಂಬರಿಗೆ ಬೀಳುತ್ತವೆ, ಪಂಪಿನ ಜಾಳಿಗೆ ಕಟ್ಟುತ್ತವೆ. ಡೆಲ್ಕೊ ಕ್ಯಾಪ್ ತೆಗೆದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಒಂದು ಬದಿಗೆ ತಿರುಗಿಸಿ, ಈಗ ಹಿಂದಕ್ಕೆ ತಿರುಗಿಸುತ್ತ ಡೆಲ್ಕೊದೊಳಗೆ ತಿರುಗುವ ರೋಟರನ್ನೇ ನೋಡಿ. ಪುಲ್ಲಿ ಎಂಟು ಡಿಗ್ರಿಗಿಂತ ಹೆಚ್ಚು ತಿರುಗಿದರೂ ರೋಟರ್ ಅಲುಗದಿದ್ದರೆ ಚೈನ್ ಸಡಿಲು. ಅಂಥ ಗಾಡಿಗೆ ಟೈಮಿಂಗ್ ಎಷ್ಟು ಹೊಂದಿಸಿದರೂ ನಿಲ್ಲುವುದಿಲ್ಲ.

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-5-4-2-6-3-7-8. ಬಲಬದಿಯಲ್ಲಿ ಮುಂದಿನಿಂದ 1ರಿಂದ 4, ಎಡಬದಿಯಲ್ಲಿ 5ರಿಂದ 8; ರೋಟರ್ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತದೆ. 7 ಮತ್ತು 8 ಅಕ್ಕಪಕ್ಕದವು, ಒಂದರ ಹಿಂದೆ ಒಂದು ಉರಿಯುತ್ತವೆ. ಅವೆರಡರ ಪ್ಲಗ್ ವೈರು ಒಂದಕ್ಕೊಂದು ಅಂಟಿಕೊಂಡು ಹೋದರೆ ಒಂದರ ಕರೆಂಟು ಇನ್ನೊಂದರಲ್ಲಿ ಹರಿದು ಇಂಜಿನ್ ಒದೆಯುತ್ತದೆ. ನಡುವೆ ಒಂದು ಅಡ್ಡ ಕ್ಲಿಪ್ ಹಾಕಿದರೆ ಮುಗಿಯಿತು, ಆದರೆ ಇದು ಗೊತ್ತಿಲ್ಲದೆ ಕಾರ್ಬುರೇಟರ್ ಬಿಚ್ಚಿದವರು ಎಷ್ಟೋ. ಡೆಲ್ಕೊದೊಳಗಿನ ಪಾಯಿಂಟ್ ಗ್ಯಾಪ್ 0.017 ಇಂಚು, ಪ್ಲಗ್ ಗ್ಯಾಪ್ 0.034.

ಇಲ್ಲಿಯವರೆಗಿನದ್ದು ಎಲ್ಲಿಯವರಿಗಾದರೂ ಒಂದೇ. ಗಾಡಿಯನ್ನು ನಮ್ಮ ಕಡೆ ತಂದ ಮೇಲೆ ಮೂರು ಶತ್ರುಗಳು ಹೆಚ್ಚಾಗುತ್ತವೆ: ಬಿಸಿಲು, ನೀರು, ಪೆಟ್ರೋಲು.

ನೀರಿನಿಂದ ಶುರುಮಾಡೋಣ, ಜನ ಅದನ್ನೇ ಮರೆಯುವುದು. ಶಹಾಬಾದ್ ಪರಶಿ, ವಾಡಿ-ಸೇಡಂ ಸಿಮೆಂಟು ಎಲ್ಲ ಯಾವ ಸುಣ್ಣಗಲ್ಲಿನಿಂದಲೋ ನಮ್ಮ ಬೋರ್‌ವೆಲ್ ನೀರಿನ ಸುಣ್ಣವೂ ಅದರಿಂದಲೇ. ಚಹಾ ಕಾಸುವ ಪಾತ್ರೆಯ ತಳದಲ್ಲಿ ಕೂರುವ ಬಿಳೀ ಪದರ ಗೊತ್ತಲ್ಲ, ಅದೇ ರೇಡಿಯೇಟರಿನ ಚಪ್ಪಟೆ ಕೊಳವೆಯೊಳಗೂ ಬ್ಲಾಕಿನ ನೀರಿನ ದಾರಿಯಲ್ಲೂ ಕೂರುತ್ತದೆ. ಕೊಳವೆಯ ಒಳಸಂದು ಇರುವುದೇ ಒಂದೆರಡು ಮಿಲಿಮೀಟರ್, ಪದರ ಕೂತರೆ ಏನು ಉಳಿಯಿತು? ಮಾರುವವರ ಅಂಗಳದಲ್ಲೇ ಇದನ್ನು ಪತ್ತೆ ಮಾಡಬಹುದು. ಇಂಜಿನ್ ಪೂರ್ತಿ ಬಿಸಿಯಾಗಲಿ, ಆಮೇಲೆ ಇನ್‌ಫ್ರಾರೆಡ್ ಗನ್ ಹಿಡಿದು ರೇಡಿಯೇಟರಿನ ಮುಖವನ್ನು ಸಾಲು ಸಾಲಾಗಿ ಅಳೆಯಿರಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಉಷ್ಣತೆ ಹಂತ ಹಂತವಾಗಿ ಇಳಿಯಬೇಕು. ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಆ ಕೊಳವೆಗಳು ಕಟ್ಟಿವೆ. ಈ ಗಾಡಿಯ ಕೂಲಿಂಗಿಗೆ ಹಿಡಿಯುವುದು ಸುಮಾರು 14 ಲೀಟರು: 7 ಲೀಟರ್ ಕೂಲಂಟು, 7 ಲೀಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು. ಕಡಿಮೆಯಾದಾಗ ನಲ್ಲಿಯ ನೀರು ಸುರಿಯುವ ರೂಢಿ ಮೊದಲ ದಿನದಿಂದಲೇ ಬಿಡಬೇಕು.

ಬಿಸಿಯಾಗುತ್ತದೆ ಅಂತ ಥರ್ಮೋಸ್ಟಾಟ್ ತೆಗೆದು ಬಿಸಾಡುವುದು ನಮ್ಮ ಕಡೆಯ ಹಳೇ ಔಷಧ. ಅದು ಔಷಧವಲ್ಲ. ಥರ್ಮೋಸ್ಟಾಟ್ ಒಡ್ಡುವ ತಡೆಯಿಂದಲೇ ಬ್ಲಾಕಿನೊಳಗೆ ಒತ್ತಡ ಉಳಿದು ಹೆಡ್ಡಿನ ಸುತ್ತ ಆವಿಯ ಗುಳ್ಳೆ ಏಳುವುದಿಲ್ಲ. ತೆಗೆದರೆ ಚಳಿಗಾಲದಲ್ಲಿ ಇಂಜಿನ್ ಬಿಸಿಯೇ ಆಗದೆ ಬೋರ್ ಸವೆಯುತ್ತದೆ, ಬೇಸಿಗೆಯಲ್ಲಿ ಟ್ರಾಫಿಕ್ಕಿನಲ್ಲಿ ಮೊದಲಿನಷ್ಟೇ ಕುದಿಯುತ್ತದೆ. 82 ಡಿಗ್ರಿಯದು ಹಾಕಿ. ನಿಜವಾದ ಔಷಧ ಮೂರು ಸಾಲಿನ ರೇಡಿಯೇಟರು ಮತ್ತು ಫ್ಯಾನ್ ಸುತ್ತ ಕವಚ. ಕವಚ ಇಲ್ಲದಿದ್ದರೆ ಫ್ಯಾನು ತನ್ನ ಸುತ್ತಲಿನ ಗಾಳಿಯನ್ನೇ ತಿರುಗಿಸುತ್ತ ಕೂರುತ್ತದೆ. ಡೆಲ್ಕೊಗೆ ಹೊಂದಿಕೊಂಡ ವ್ಯಾಕ್ಯೂಮ್ ಅಡ್ವಾನ್ಸಿನ ಪೊರೆ ಹರಿದಿದ್ದರೂ ಗಾಡಿ ಬಿಸಿಯಾಗುತ್ತದೆ, ಪೈಪಿಗೆ ಬಾಯಿ ಹಚ್ಚಿ ಎಳೆದರೆ ತಿಳಿಯುತ್ತದೆ. ಗಾಡಿಯ ಮೂಲ ಮೀಟರಿನಲ್ಲಿ ಅಂಕಿಯೇ ಇಲ್ಲ, ಸಿ ಮತ್ತು ಎಚ್ ಅಷ್ಟೇ. ಅಂಕಿ ಇರುವ ಮೀಟರ್ ಒಂದು ಕೆಳಗೆ ಜೋಡಿಸಿಕೊಳ್ಳಿ.

ಪೆಟ್ರೋಲಿನ ಮಾತು. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತದ್ದು. ಹಳೇ ರಬ್ಬರು ಅದರಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಮೊದಲು ಹೋಗುವುದು ಪಂಪಿನ ಡಯಾಫ್ರಾಮ್, ಕಾರ್ಬುರೇಟರಿನ ಆಕ್ಸಿಲರೇಟರ್ ಪಂಪಿನ ಪೊರೆ, ಆಮೇಲೆ ಪೈಪು. ಎಥೆನಾಲ್ ತಾಳುವ ಪೈಪು, ವೈಟಾನ್ ಅನ್ನುವ ಗಟ್ಟಿ ರಬ್ಬರಿನ ಪೊರೆಯ ಕಿಟ್ ಹಾಕಿಸಿದ್ದಾರೋ ಕೇಳಿ, ಬಿಲ್ ತೋರಿಸಲಿ. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದೇ ಜೆಟ್ಟಿನಲ್ಲಿ (ಪೆಟ್ರೋಲು ಹರಿಯುವ ಸಣ್ಣ ತೂತು) ಮಿಶ್ರಣ ತೆಳುವಾಗುತ್ತದೆ. ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇದಕ್ಕೆ ಸುಮಾರು 13.5. ಎರಡು ಬ್ಯಾರಲಿನ ಆಟೊಲೈಟ್ ಕಾರ್ಬುರೇಟರಿಗೆ ಮೇನ್ ಜೆಟ್ ಎರಡು ನಂಬರ್ ದೊಡ್ಡದು ಹಾಕಿ, ನೂರು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ ನೋಡಿ: ಬಿಸ್ಕೆಟ್ ಬಣ್ಣ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಇನ್ನೂ ತೆಳು. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಪೈಪು ಬಿಚ್ಚಿ ಕಾರ್ಬುರೇಟರ್ ಖಾಲಿಯಾಗುವವರೆಗೆ ಓಡಿಸಿ. ಎಥೆನಾಲ್ ನೀರು ಹೀರುತ್ತದೆ, ಹೀರಿದ ನೀರು ಟ್ಯಾಂಕಿನ ತಳ ಸೇರಿ ಜಂಗು ಹಿಡಿಸುತ್ತದೆ.

ಮೇ ತಿಂಗಳ ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತ ಗಾಡಿ ಮತ್ತೆ ಚಾಲು ಆಗದೆ, ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಚಾಲು ಆದರೆ ಅದು ಪೈಪಿನಲ್ಲಿ ಪೆಟ್ರೋಲು ಕುದಿದು ಆವಿಯಾದದ್ದು. ಪಂಪಿನ ಮೇಲೆ ಹಸೀ ಅರಿವೆ ಹಾಕುವುದು ಆ ಹೊತ್ತಿನ ಉಪಾಯ. ಶಾಶ್ವತ ಕೆಲಸ ಅಂದರೆ ಕಾರ್ಬುರೇಟರ್ ಕೆಳಗೆ ಬೇಕಲೈಟಿನಂಥ ಶಾಖ ತಡೆಯುವ ದಪ್ಪ ಸ್ಪೇಸರ್ ಕೂರಿಸಿ, ಪೈಪನ್ನು ಮ್ಯಾನಿಫೋಲ್ಡಿನಿಂದ ದೂರ ಸರಿಸುವುದು.

ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲೇ ನಿಂತಿತು. ಸೀಸವೇ ಎಕ್ಸಾಸ್ಟ್ ವಾಲ್ವ್ ಸೀಟು ಸವೆಯದಂತೆ ಕಾಯುತ್ತಿತ್ತು. ಹೆಡ್ ಬಿಚ್ಚಿದ್ದರೆ ಗಟ್ಟಿ ಸೀಟು ಹಾಕಿಸಿದ್ದಾರೋ ಕೇಳಿ. ಆಯಿಲ್ ವಿಷಯದಲ್ಲಿ ದುಬಾರಿ ಹೊಸ ಸಿಂಥೆಟಿಕ್ 5ಡಬ್ಲ್ಯೂ-30 ಹಾಕಿದರೆ ಕ್ಯಾಮ್ ಹಾಳು. ಇದರ ಕ್ಯಾಮ್ ಟ್ಯಾಪೆಟ್ ಮೇಲೆ ಉಜ್ಜಿಕೊಂಡೇ ತಿರುಗುತ್ತದೆ, ಅದಕ್ಕೆ ಸತು ಮತ್ತು ರಂಜಕ ಹೆಚ್ಚಿರುವ ಆಯಿಲ್ ಬೇಕು. ಹೊಸ ಕಾರುಗಳ ತೆಳು ಆಯಿಲಿನಲ್ಲಿ ಅವನ್ನು ಕಡಿಮೆ ಮಾಡಿದ್ದಾರೆ. ಲಾರಿ, ಟ್ರ್ಯಾಕ್ಟರಿಗೆ ಹಾಕುವ ಸಿಐ-4 ದರ್ಜೆಯ 15ಡಬ್ಲ್ಯೂ-40 ಇದಕ್ಕೆ ಚೆನ್ನಾಗಿ ಒಗ್ಗುತ್ತದೆ, ಫಿಲ್ಟರ್ ಸೇರಿ 4.7 ಲೀಟರ್.

ಬ್ರೇಕು. 1966ರವರೆಗೆ ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೋಣೆ. ಯಾವ ಚಕ್ರದ ಹೋಸ್ ಒಡೆದರೂ ನಾಲ್ಕೂ ಬ್ರೇಕು ಹೋಗುತ್ತದೆ. 67ರಿಂದ ಎರಡು ಕೋಣೆಯದು ಬಂತು, ಅದನ್ನು ಹಳೆಯದಕ್ಕೂ ಕೂರಿಸಬಹುದು. ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಸಿಲಿಂಡರಿನೊಳಗಿನ ರಬ್ಬರ್ ಕಿಟ್ ಹೋಗಿದೆ.

ಕಾಗದ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಚಾಸಿಸ್, ಬಾಡಿ, ಇಂಜಿನ್ ಮೂಲದಂತೆಯೇ ಇರುವ ಖಾಸಗಿ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಮರುನೋಂದಣಿಗೆ 5,000, 5 ವರ್ಷಕ್ಕೆ. ಹೊಸದಾಗಿ ಮಾಡಿಸಿದರೆ ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ ‘ವಿಎ’ ಬರುತ್ತದೆ, ಮೊದಲೇ ನಂಬರ್ ಇದ್ದ ಗಾಡಿ ಹಳೇದನ್ನೇ ಉಳಿಸಿಕೊಳ್ಳಬಹುದು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ಆರು ಸಿಲಿಂಡರ್ ತೆಗೆದು ವಿ8 ಹಾಕಿದ್ದು ಇಲ್ಲಿಯೂ ಅಡ್ಡ ಬರುತ್ತದೆ. ಹೊರದೇಶದಿಂದ ಬಂದ ಗಾಡಿಗೆ ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ ಕೇಳಿ. ಆರ್‌ಸಿಯ ಇಂಜಿನ್ ನಂಬರ್ ಕಾಲಮಿನಲ್ಲಿ ಏನಿದೆ ನೋಡುವುದು ಮರೆಯಬೇಡಿ. ಇಂಜಿನ್ನಿನ ಮೇಲೆ ಇಲ್ಲದ ನಂಬರು ಅಲ್ಲಿಗೆ ಹೇಗೆ ಬಂತು? ಕೆಲವರು ಚಾಸಿಸ್ ನಂಬರನ್ನೇ ಬರೆಸಿರುತ್ತಾರೆ, ಕೆಲವರು ಎರಕದ ನಂಬರನ್ನು. ನೋಡಲು ಬಂದ ಇನ್‌ಸ್ಪೆಕ್ಟರಿಗೆ ಅದನ್ನು ತೋರಿಸಲು ಆಗಬೇಕು, ಆದ್ದರಿಂದ ರೊಕ್ಕ ಕೊಡುವ ಮೊದಲೇ ಆ ಗಂಟು ಬಿಡಿಸಿಕೊಳ್ಳಿ. ತೆಲಂಗಾಣದ ಗಾಡಿಯಾದರೆ ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಹೆಸರು ಬದಲಿಗೆ 29 ಮತ್ತು 30. ಸ್ಟೀರಿಂಗ್ ಎಡಗಡೆ ಇರುವುದರಿಂದ ಮೋಟಾರು ವಾಹನ ಕಾಯ್ದೆಯ 120ನೇ ಕಲಮಿನಂತೆ ಇಂಡಿಕೇಟರ್ ಕೆಲಸ ಮಾಡುತ್ತಲೇ ಇರಬೇಕು.

ತರುವಾಗ ಓಡಿಸಿಕೊಂಡು ಬರುವ ಆಸೆ ಬೇಡ. ಹೈದರಾಬಾದಿನಿಂದ ಜಹೀರಾಬಾದ್, ಹುಮನಾಬಾದ್ ಮೇಲೆ ಕಲಬುರಗಿಗೆ 200 ಕಿಲೋಮೀಟರಿಗೂ ಮೇಲೆ. ಹೊಸ ಪೈಪು, ಹಳೇ ಟ್ಯಾಂಕಿನ ಜಂಗು, ಗೊತ್ತಿಲ್ಲದ ಬ್ರೇಕು ಮೂರನ್ನೂ ಒಟ್ಟಿಗೇ ಪರೀಕ್ಷೆ ಮಾಡುವ ರಸ್ತೆಯಲ್ಲ ಅದು. ಚಪ್ಪಟೆ ಹಾಸಿನ ಲಾರಿ ಮಾತಾಡಿ. ಪಟ್ಟಿಯನ್ನು ಬಂಪರಿಗೋ ರೇಲಿಗೋ ಕಟ್ಟಲು ಬಿಡಬೇಡಿ. ಗಾಡಿ ಕುಣಿದಾಗ ಬೆಸುಗೆ ಎಳೆಯುತ್ತದೆ. ಹಿಂದೆ ಆಕ್ಸೆಲಿಗೆ, ಮುಂದೆ ಟೈರಿನ ಮೇಲಿಂದ ಪಟ್ಟಿ ಹಾಕಿಸಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟ್ಯಾಂಕಿನಲ್ಲಿ ಐದು ಲೀಟರಿಗಿಂತ ಹೆಚ್ಚು ಪೆಟ್ರೋಲು ಬಿಡಬೇಡಿ. ಹುಮನಾಬಾದಿನ ಹತ್ತಿರ ಚಹಾಕ್ಕೆ ನಿಂತಾಗ ಪಟ್ಟಿಗಳನ್ನು ಒಮ್ಮೆ ಕೈಯಿಂದ ಎಳೆದು ನೋಡಿ, ಮೊದಲ ನೂರು ಕಿಲೋಮೀಟರಿನಲ್ಲಿ ಅವು ಸಡಿಲಾಗಿಯೇ ಇರುತ್ತವೆ.